ಹಾಡು ಜೋರು, ಮಾತು ಮಾತ್ರ ಕೇಳಲ್ಲ: ಟಿವಿ, ಸ್ಪೀಕರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ಮನೆಗೆ ಹೊಸದಾಗಿ 55 ಇಂಚಿನ ಟಿವಿ ತಂದ್ವಿ, ಚಿತ್ರ ತುಂಬಾ ಚೆನ್ನಾಗಿದೆ. ಆದ್ರೆ ನಮ್ಮಮ್ಮಂಗೆ 74 ವರ್ಷ, ಸಿನಿಮಾದಲ್ಲಿ ಏನ್ ಮಾತಾಡ್ತಾರೆ ಅನ್ನೋದೇ ತಿಳಿಯಲ್ವಂತೆ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಫೈಟು ಹಾಡು ಬಂದಾಗ ಕಿವಿ ಒಡೆದು ಹೋಗೋ ಹಾಗಾಗುತ್ತೆ, ಕಮ್ಮಿ ಮಾಡಿದ್ರೆ ಮತ್ತೆ ಮಾತು ಕೇಳಲ್ಲ. ಹಳೇ ಡಬ್ಬಾ ಟಿವೀಲಿ ಈ ತೊಂದ್ರೆ ಇರ್ಲೇ ಇಲ್ಲ. ಟಿವಿ ಡಿಫೆಕ್ಟಾ? ಸೌಂಡ್‌ಬಾರ್ ತಗೊಂಡ್ರೆ ಸರಿ ಹೋಗುತ್ತಾ?

ಉತ್ತರ: ಟಿವಿ ಕೆಟ್ಟಿಲ್ಲ. ಅಮ್ಮನ ಕಿವಿ ಮೇಲೂ ಪೂರ್ತಿ ತಪ್ಪು ಹೊರಿಸ್ಬೇಡಿ. ಹಳೇ ಡಬ್ಬಾ ಟಿವೀಲಿ ಸ್ಪೀಕರ್ ಪರದೆ ಪಕ್ಕದಲ್ಲೇ ಇರ್ತಿತ್ತು, ಶಬ್ದ ನೇರವಾಗಿ ನಮ್ಮ ಮುಖಕ್ಕೆ ಬರ್ತಿತ್ತು. ಈಗಿನ ಟಿವಿ ಬೆರಳಷ್ಟು ತೆಳ್ಳಗಿರುತ್ತೆ, ಸುತ್ತ ಅಂಚು ಅನ್ನೋದೇ ಇಲ್ಲ, ಹಂಗಾಗಿ ಸ್ಪೀಕರ್‌ನ ನೆಲದ ಕಡೆಗೋ ಹಿಂದಿನ ಗೋಡೆ ಕಡೆಗೋ ಮುಖ ಮಾಡಿ ಕೂರ್ಸಿರ್ತಾರೆ. ಶಬ್ದ ಗೋಡೆಗೆ ಬಡಿದು, ಟೇಬಲ್‌ಗೆ ಬಡಿದು, ಆಮೇಲೆ ಸುತ್ತಿ ನಮ್ ಹತ್ರ ಬರುತ್ತೆ. ಅಷ್ಟೊತ್ತಿಗೆ ಅದ್ರಲ್ಲಿದ್ದ ಚೂಪು ಹೋಗಿರುತ್ತೆ.

ಆ ಚೂಪು ಅಂದ್ರೆ ಏನು ಅಂತ ಒಂದು ಉದಾಹರಣೆ ಕೊಡ್ತೀನಿ. ಕಾಲು, ಪಾಲು, ಸಾಲು, ಈ ಮೂರು ಮಾತಲ್ಲೂ ಜೋರಾಗಿ ಕೇಳಿಸೋದು ಆ ದೀರ್ಘ ಸ್ವರ, ಅದು ಕೆಳಗಿನ ಫ್ರೀಕ್ವೆನ್ಸಿ, ಅಂದ್ರೆ ಸೆಕೆಂಡಿಗೆ ಕಮ್ಮಿ ಕಂಪನ ಇರೋ ಸದ್ದು. ಮೂರನ್ನೂ ಬೇರೆ ಬೇರೆ ಅಂತ ತಿಳಿಸೋದು ಮೊದಲ ವ್ಯಂಜನ, ಅದರ ಸುಳಿವು ಬಹಳ ಮಟ್ಟಿಗೆ 2000 ಹರ್ಟ್ಸ್‌ನಿಂದ ಮೇಲಿರುತ್ತೆ, ಬಲ ಬಹಳ ಕಮ್ಮಿ. ಅದು ಹೋಯ್ತು ಅಂದ್ರೆ ಮೂರೂ ಬರೀ 'ಆಲು' ಅಂತಲೇ ಕೇಳೋದು. ವಯಸ್ಸಾದವರ ಕಿವಿ ಮೊದ್ಲು ಕಳ್ಕೊಳ್ಳೋದೂ ಇದೇ ಮೇಲಿನ ಫ್ರೀಕ್ವೆನ್ಸಿಗಳನ್ನ. ಅದಕ್ಕೇ ಅವ್ರು 'ಶಬ್ದ ಕೇಳುತ್ತೆ, ಮಾತು ತಿಳಿಯಲ್ಲ' ಅನ್ನೋದು, ಅವರು ಹೇಳ್ತಿರೋದು ಅಕ್ಷರಶಃ ನಿಜ.

ಇನ್ನೊಂದು ಕಾರಣ ಸಿನಿಮಾದ ಟ್ರ್ಯಾಕು. ಸಿನಿಮಾ ಸೌಂಡ್‌ನ 5.1, ಅಂದ್ರೆ ಐದು ಸ್ಪೀಕರ್ ಜೊತೆ ಬಾಸ್‌ಗೆ ಅಂತಾನೇ ಒಂದು ಸಬ್ ವೂಫರ್, ಹೀಗೆ ಆರು ಚಾನಲ್‌ಗೆ ಮಾಡಿರ್ತಾರೆ, ಅದ್ರಲ್ಲಿ ಮಾತು ಮುಕ್ಕಾಲು ಪಾಲು ಮಧ್ಯದ ಸೆಂಟರ್ ಸ್ಪೀಕರ್‌ಗೇ ಮೀಸಲು. ನಿಮ್ಮ ಟಿವೀಲಿರೋದು ಎರಡೇ ಸ್ಪೀಕರ್, ಆರನ್ನೂ ಎರಡಕ್ಕೆ ತುರುಕಿದಾಗ ಮಾತು ಹಿನ್ನೆಲೆ ಸಂಗೀತ, ಗಾಡಿ ಸದ್ದು, ಮಳೆ ಸದ್ದು ಎಲ್ಲದ್ರ ಜೊತೆ ಒಂದೇ ಪಾತ್ರೇಲಿ ಬೆರೆತು ಹೋಗುತ್ತೆ.

ಹಾಗಾಗಿ ಸೌಂಡ್‌ಬಾರ್‌ಗೆ ದುಡ್ಡು ಹಾಕೋ ಮುಂಚೆ ಇವತ್ತೇ ಇದನ್ನ ಮಾಡಿ ನೋಡಿ. ಸಿನಿಮಾ ಶುರು ಮಾಡಿದ್ಮೇಲೆ ಆಡಿಯೋ ಆಯ್ಕೆಗೆ ಹೋಗಿ, ಅದೇ ಭಾಷೆಗೆ 5.1 ಜೊತೆ ಸ್ಟೀರಿಯೋ ಅಥವಾ 2.0 ಟ್ರ್ಯಾಕ್ ಇದ್ರೆ ಅದನ್ನ ಹಾಕಿ. ಟಿವಿ ಸೌಂಡ್ ಸೆಟಿಂಗ್ಸಲ್ಲಿ ಕ್ಲಿಯರ್ ವಾಯ್ಸ್, ಡೈಲಾಗ್, ಸ್ಪೀಚ್ ಅಂತೇನಾದ್ರೂ ಇರುತ್ತೆ, ಆನ್ ಮಾಡಿ. ನೈಟ್ ಮೋಡ್ ಅಥವಾ ಆಟೋ ವಾಲ್ಯೂಮ್ ಅಂತ ಒಂದಿರುತ್ತೆ, ಅದು ಜೋರಿನ ಸದ್ದನ್ನ ತಗ್ಗಿಸಿ ಸಣ್ಣ ಸದ್ದನ್ನ ಎತ್ತುತ್ತೆ, ನಿಮ್ಮ ಫೈಟ್ ತೊಂದರೆಗೆ ಸರಿಯಾದ ಮದ್ದು ಅದೇ, ರಾತ್ರಿ ಹೊತ್ತಿಗೆ ಮಾತ್ರ ಅಂತ ಹೆಸರು ನೋಡಿ ಬಿಟ್ಬಿಡ್ಬೇಡಿ. ಸರೌಂಡ್ ಎಫೆಕ್ಟ್ ಥರದ್ದೇನಿದ್ರೂ ಆಫ್ ಮಾಡಿ. ಈಕ್ವಲೈಜರ್ (ಒಂದೊಂದು ಫ್ರೀಕ್ವೆನ್ಸಿನೂ ಬೇರೆ ಬೇರೆಯಾಗಿ ಏರ್ಸಿ ಇಳಿಸೋ ಸೆಟಿಂಗ್) ಇದ್ರೆ 100 ಹರ್ಟ್ಸ್ ಹತ್ರ ಸ್ವಲ್ಪ ಇಳ್ಸಿ, 2 ರಿಂದ 4 ಕಿಲೋಹರ್ಟ್ಸ್ ಹತ್ರ ಸ್ವಲ್ಪ ಏರ್ಸಿ, ಅಮ್ಮನ್ನೇ ಮುಂದೆ ಕೂರಿಸ್ಕೊಂಡು ಅವರನ್ನ ಕೇಳ್ತಾ ಮಾಡಿ, ನಿಮ್ಮ ಕಿವಿಗೆ ಚೆನ್ನಾಗಿರೋದು ಅವರಿಗೆ ಚೆನ್ನಾಗಿರ್ಬೇಕಾಗಿಲ್ಲ.

ಇಷ್ಟಾದ್ರೂ ಸಾಲ್ಲಿಲ್ಲ ಅಂದ್ರೆ ಆಗ ಸ್ಪೀಕರ್. ಸೌಂಡ್‌ಬಾರ್ ತಗೊಳ್ಳೋದಾದ್ರೆ ಬೇರೆ ಸೆಂಟರ್ ಚಾನಲ್ ಇರೋದನ್ನೇ ತಗೊಳ್ಳಿ, ಅಂದ್ರೆ ಡಬ್ಬದ ಮೇಲೆ 2.1 ಬದ್ಲು 3.1 ಅಥವಾ 5.1 ಅಂತ ಇರ್ಬೇಕು, ಮಾತಿನ ಲೆವೆಲ್ ಬೇರೆಯಾಗಿ ಏರ್ಸೋಕೆ ರಿಮೋಟಲ್ಲಿ ಬಟನ್ ಇದ್ರೆ ಇನ್ನೂ ಒಳ್ಳೇದು. ಅಮ್ಮಂಗೆ ಒಂದ್ಸಲ ಕಿವಿ ಪರೀಕ್ಷೆನೂ ಮಾಡಿಸಿ. ಹೆಡ್‌ಫೋನ್ ಮತ್ತು ಟಿವಿ ಸ್ಪೀಕರ್ ಎರಡೂ ಒಟ್ಟಿಗೆ ಕೆಲಸ ಮಾಡೋ ಸೌಲಭ್ಯ ಎಷ್ಟೋ ಟಿವಿಗಳಲ್ಲಿದೆ, ಅದನ್ನೂ ನೋಡಿ, ಎಲ್ಲರ ಜೊತೆ ಕೂತೇ ಅವರು ತಮಗೆ ಬೇಕಾದಷ್ಟು ಜೋರಲ್ಲಿ ಕೇಳ್ಬೋದು. ಇದನ್ನ ಇಷ್ಟುದ್ದ ಬರೆಯೋಕೆ ಕಾರಣ ಇದೆ. ನಮ್ಮ ತಂದೆ ಒಂದು ಕಾಲದಲ್ಲಿ ಊಟ ಆದ್ಮೇಲೆ ಎಲ್ಲರ ಜೊತೆ ಸಿನಿಮಾಗೆ ಕೂರೋದನ್ನೇ ಬಿಟ್ಬಿಟ್ರು, ನಾವು ಆಸಕ್ತಿ ಹೋಯ್ತೇನೋ ಅಂದ್ಕೊಂಡಿದ್ವಿ, ಮಾತು ತಿಳೀತಿರ್ಲಿಲ್ಲ ಅನ್ನೋದು ನಮಗೆ ಹೊಳೆಯೋಕೆ ಎರಡು ವರ್ಷ ಬೇಕಾಯ್ತು. ನಿಮ್ಮಮ್ಮ ಬಾಯಿ ಬಿಟ್ಟು ಹೇಳಿದ್ದಾರೆ, ಅದು ದೊಡ್ಡದು.

ಪ್ರಶ್ನೆ: ಸೋಫಾದಿಂದ ಗೋಡೆಗೆ 8 ಅಡಿ ಇದೆ. 43, 55, 65 ಇಂಚು, ಯಾವುದು ತಗೊಳ್ಳೋದು? ದೊಡ್ಡ ಟಿವಿ ಹತ್ರದಿಂದ ನೋಡಿದ್ರೆ ಕಣ್ಣು ಹಾಳಾಗುತ್ತೆ ಅಂತಾರೆ.

ಉತ್ತರ: ಕಣ್ಣು ಹಾಳಾಗಲ್ಲ, ಕತ್ತಲಲ್ಲಿ ಕಣ್ಣು ಮಿಟುಕಿಸದೆ ಗಂಟೆಗಟ್ಟಲೆ ನೋಡಿದ್ರೆ ದಣಿವಾಗುತ್ತೆ, ಅದು ಯಾವ ಸೈಜಿಗೂ ಅಷ್ಟೇ. ಲೆಕ್ಕ ಸುಲಭ ಇದೆ. ಕೂರೋ ದೂರನ ಇಂಚಿಗೆ ಮಾಡ್ಕೊಳ್ಳಿ, 8 ಅಡಿ ಅಂದ್ರೆ 96 ಇಂಚು. ಅದನ್ನ 1.6 ರಿಂದ ಭಾಗಿಸಿದ್ರೆ 60 ಬರುತ್ತೆ, 1.2 ರಿಂದ ಭಾಗಿಸಿದ್ರೆ 80. ಮೊದಲನೇದು ಪರದೆ ನಿಮ್ಮ ಕಣ್ಣಿಗೆ ಸುಮಾರು 30 ಡಿಗ್ರಿ ಅಗಲ ಕಾಣೋ ಲೆಕ್ಕ, ದಿನನಿತ್ಯಕ್ಕೆ ಹಿತವಾಗಿರುತ್ತೆ. ಎರಡನೇದು 40 ಡಿಗ್ರಿ, ಥಿಯೇಟರ್‌ನಲ್ಲಿ ಕೂತ ಹಾಗೆ. ನಿಮಗೆ 43 ಚಿಕ್ಕದಾಯ್ತು, ಬರೀ ನ್ಯೂಸು ಸೀರಿಯಲ್ ಆದ್ರೆ 55, ಸಿನಿಮಾ ಮ್ಯಾಚ್ ಜಾಸ್ತಿ ಅಂದ್ರೆ 65.

ಆದ್ರೆ ಲೆಕ್ಕನ ಪೂರ್ತಿ ನಂಬ್ಬೇಡಿ, ಹಳೇ ನ್ಯೂಸ್‌ಪೇಪರ್ ಅಂಟಿಸಿ ಗೋಡೆ ಮೇಲೆ ಹಾಕಿ ನೋಡಿ. 55 ಇಂಚು ಅಂದ್ರೆ 122 ಸೆಂಟಿಮೀಟರ್ ಅಗಲ, 68 ಎತ್ತರ. 65 ಅಂದ್ರೆ 144 ಅಗಲ, 81 ಎತ್ತರ. ಎರಡು ದಿನ ಹಾಗೇ ಬಿಟ್ಟು ಕೂತ್ಕೊಳ್ಳಿ, ಅಂಗಡೀಲಿ ನಿಂತು ನೋಡಿ ತಗೊಳ್ಳೋ ತೀರ್ಮಾನಕ್ಕಿಂತ ಇದು ಎಷ್ಟೋ ವಾಸಿ. ಎತ್ತರನೂ ಆಗ್ಲೇ ಗೊತ್ತಾಗುತ್ತೆ. ಕೂತಾಗ ಕಣ್ಣಿರೋ ಮಟ್ಟಕ್ಕೆ ಪರದೆಯ ಮಧ್ಯಭಾಗ ಬರ್ಬೇಕು, ಸ್ವಲ್ಪ ಮೇಲಾದ್ರೆ ಪರವಾಗಿಲ್ಲ, ಆದ್ರೆ ಬಾಗಿಲ ಮೇಲ್ಗಡೆ ಎತ್ತರಕ್ಕೆ ಹಾಕಿಸ್ಕೊಂಡವರು ಆರು ತಿಂಗಳಲ್ಲಿ ಕುತ್ತಿಗೆ ನೋವು ಅಂತ ಪತ್ರ ಬರೀತಾರೆ.

ಒಂದು ಎಚ್ಚರಿಕೆ. ನಿಮ್ಮ ಮನೇಲಿ ಹಳೇ ಎಸ್‌ಡಿ ಚಾನಲ್ಲೇ ಜಾಸ್ತಿ ಓಡುತ್ತೆ ಅಂದ್ರೆ ದೊಡ್ಡ ಟಿವೀಲಿ ಅದು ಮಸುಕಾಗೇ ಕಾಣೋದು. 720 × 576 ಚಿತ್ರ ಅಂದ್ರೆ ಸುಮಾರು 4 ಲಕ್ಷ ಚುಕ್ಕಿ, 4ಕೆ ಪರದೇಲಿ 3840 × 2160, ಅಂದ್ರೆ ಸುಮಾರು 83 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿನ 20 ಮಾಡಿ ಹರಡ್ಬೇಕು, ಇಲ್ಲದಿರೋ ವಿವರ ಎಲ್ಲಿಂದ ತರೋದು.

ಪ್ರಶ್ನೆ: ಓಎಲ್‌ಇಡಿ, ಕ್ಯೂಎಲ್‌ಇಡಿ ಹೆಸರು ಒಂದೇ ಥರ ಇದೆ, ವ್ಯತ್ಯಾಸ ಏನು? ನಮ್ಮ ಹಾಲಲ್ಲಿ ಹಗಲು ತುಂಬಾ ಬೆಳಕು.

ಉತ್ತರ: ಹೆಸರು ಮಾತ್ರ ಅಕ್ಕಪಕ್ಕ, ಒಳಗೆ ಬೇರೇನೇ. ಕ್ಯೂಎಲ್‌ಇಡಿ ಅಂದ್ರೆ ಎಲ್‌ಸಿಡೀನೇ, ಹಿಂದೆ ದೀಪ ಉರೀತಿರುತ್ತೆ, ಮುಂದೆ ಬಣ್ಣ ಚೆನ್ನಾಗಿ ಬರ್ಲಿ ಅಂತ ಕ್ವಾಂಟಮ್ ಡಾಟ್ ಅನ್ನೋ ಪದರ ಇರುತ್ತೆ. ಓಎಲ್‌ಇಡೀಲಿ ಹಿಂದಿನ ದೀಪ ಇಲ್ಲ, ಒಂದೊಂದು ಚುಕ್ಕೀನೂ ತಾನೇ ಬೆಳಗುತ್ತೆ, ಬೇಡ ಅಂದಾಗ ಪೂರ್ತಿ ಆರುತ್ತೆ, ಅದಕ್ಕೇ ಅದ್ರಲ್ಲಿ ಕಪ್ಪು ಅಂದ್ರೆ ಕಪ್ಪೇ. ಕತ್ತಲು ಕೋಣೇಲಿ ಸಿನಿಮಾ ನೋಡೋರಿಗೆ ಅದ್ರ ಮುಂದೆ ಬೇರೆ ಯಾವುದೂ ನಿಲ್ಲಲ್ಲ. ಆದ್ರೆ ನ್ಯೂಸ್ ಚಾನಲ್ ಲೋಗೋ, ಕೆಳಗೆ ಓಡೋ ಪಟ್ಟಿ ದಿನಕ್ಕೆ 8 - 10 ಗಂಟೆ ಒಂದೇ ಜಾಗದಲ್ಲಿದ್ರೆ ವರ್ಷಗಳಾದ ಮೇಲೆ ಅದರ ಅಚ್ಚು ಪರದೇಲಿ ಉಳಿಯೋ ಅಪಾಯ ಓಎಲ್‌ಇಡಿಗಿದೆ. ನಿಮ್ಮ ಹಾಲಿಗೆ, ಹಗಲು ಬೆಳಕಿಗೆ, ಜಾಸ್ತಿ ಬೆಳಗೋ ಎಲ್‌ಸಿಡೀನೇ ಸರಿ, ಅದ್ರಲ್ಲೂ ಮಿನಿ ಎಲ್‌ಇಡಿ ಅಥವಾ ಫುಲ್ ಅರೇ ಲೋಕಲ್ ಡಿಮ್ಮಿಂಗ್ ಇರೋದು ಸಿಕ್ರೆ ಒಳ್ಳೇದು, ಹಿಂದಿನ ದೀಪಗಳು ಗುಂಪು ಗುಂಪಾಗಿ ಬೇರೆ ಬೇರೆಯಾಗಿ ಮಂಕಾಗ್ತವೆ, ಕಪ್ಪು ಸುಮಾರಾಗಿ ಚೆನ್ನಾಗಿ ಬರುತ್ತೆ. ಕಿಟಕಿ ಎದುರಿನ ಗೋಡೆಗೆ ಮಾತ್ರ ಹಾಕ್ಬೇಡಿ, ಎಂಥ ಟಿವಿ ತಂದ್ರೂ ನಿಮಗೆ ಕಿಟಕೀನೇ ಕಾಣೋದು.

ಪ್ರಶ್ನೆ: ನಾನು ಕಾಲೇಜ್ ಸ್ಟೂಡೆಂಟ್. ಆನ್‌ಲೈನಲ್ಲಿ ಒಂದು ಹೋಮ್ ಥಿಯೇಟರ್ 1000 ವ್ಯಾಟ್ ಅಂತಿದೆ, ಇನ್ನೊಂದು ಹೆಸರಾಂತ ಕಂಪನೀದು ಅದಕ್ಕಿಂತ ಜಾಸ್ತಿ ರೇಟು ಆದ್ರೆ ಬರೀ 2 × 40 ವ್ಯಾಟ್. ಯಾವುದು ಜೋರು?

ಉತ್ತರ: ಎರಡನೇದನ್ನ ತಗೋಪ್ಪಾ. ಮೊದಲನೇದ್ರ ಅಡಾಪ್ಟರ್ ಮೇಲೆ ಏನ್ ಬರೆದಿದೆ ನೋಡು, 24 ವೋಲ್ಟ್ 2.5 ಆಂಪಿಯರ್ ಅಂತಿದ್ರೆ ಗುಣಿಸು, 60 ವ್ಯಾಟ್. ಗೋಡೆಯಿಂದ ಒಳಗೆ ಹೋಗ್ತಿರೋದೇ 60, ಹೊರಗೆ 1000 ಎಲ್ಲಿಂದ ಬರುತ್ತೆ? ಪಿಎಂಪಿಒ ಅಂತ ಬರೆಯೋ ಸಂಖ್ಯೆಗೆ ಅಳತೆಯ ನಿಯಮಾನೇ ಇಲ್ಲ, ಬರೆದವರು ಬರೆದಿದ್ದು. ಆರ್‌ಎಂಎಸ್, ಅಂದ್ರೆ ನಿರಂತರವಾಗಿ ಕೊಡೋ ವ್ಯಾಟ್ ನೋಡ್ಬೇಕು, ಅದ್ರ ಪಕ್ಕದಲ್ಲಿ ಟಿಎಚ್‌ಡಿ, ಅಂದ್ರೆ ಸದ್ದು ಎಷ್ಟು ಕೆಡುತ್ತೆ ಅನ್ನೋ ಅಳತೆ, ಎಷ್ಟು ಅಂತಾನೂ ನೋಡ್ಬೇಕು, 10 ಪರ್ಸೆಂಟ್ ಅಂತಿದ್ರೆ ಸದ್ದು ಒಡೆದು ಕರ್ಕಶ ಆಗೋವರೆಗೂ ತಿರುಗಿಸಿ ಅಳೆದಿದ್ದಾರೆ ಅಂತ ಅರ್ಥ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ವ್ಯಾಟ್ ಡಬಲ್ ಮಾಡಿದ್ರೆ ಸದ್ದು ಡಬಲ್ ಆಗಲ್ಲ, 3 ಡೆಸಿಬಲ್ ಏರುತ್ತೆ, ಅಷ್ಟು ಕಿವಿಗೆ 'ಸ್ವಲ್ಪ ಜಾಸ್ತಿ ಆಯ್ತು' ಅನ್ಸುತ್ತೆ ಅಷ್ಟೇ. ಡಬಲ್ ಜೋರು ಅನ್ನಿಸ್ಬೇಕಾದ್ರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ಮತ್ತೆ ಸ್ಪೀಕರ್‌ಗೆ ಸೆನ್ಸಿಟಿವಿಟಿ ಅಂತ ಒಂದಿರುತ್ತೆ, 87 ಡೆಸಿಬಲ್ ಅಂತ ಬರೆದಿದ್ರೆ ಬರೀ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಸಾಮಾನ್ಯ ಮಾತುಕತೆ 60 ಡೆಸಿಬಲ್ ಹತ್ರ. ಅಂದ್ರೆ ಮಲಗೋ ಕೋಣೇಲಿ ನೀನು ದಿನಾ ಕೇಳೋದು ಒಂದೆರಡು ವ್ಯಾಟ್‌ನಲ್ಲೇ, ಮಿಕ್ಕಿದ್ದು ತಮಟೆ ಹೊಡೆತದಂಥ ಸದ್ದು ಬಂದಾಗ ಒಡೆಯದೆ ಇರ್ಲಿ ಅಂತ ಇಟ್ಕೊಳ್ಳೋ ಮೀಸಲು. ವ್ಯಾಟ್ ನೋಡಿ ತಗೋಬೇಡ, ನಿನಗೆ ಬಾಯಿಪಾಠ ಬರೋ ಹಾಡನ್ನ ಎರಡರಲ್ಲೂ ಹಾಕಿಸಿ ಕೇಳಿ ತಗೋ.

ಪ್ರಶ್ನೆ: ಟಿವಿ ಹಿಂದೆ ಮೂರು ಎಚ್‌ಡಿಎಂಐ ಇದೆ, ಸೌಂಡ್‌ಬಾರ್ ಯಾವುದಕ್ಕೆ ಹಾಕಿದ್ರೂ ಸದ್ದು ಬರ್ತಿಲ್ಲ. ದುಬಾರಿ ಕೇಬಲ್ ಬೇಕಾ? ಆಪ್ಟಿಕಲ್ ವೈರ್ ಹಾಕ್ಲಾ?

ಉತ್ತರ: ಮೂರರಲ್ಲಿ ಒಂದರ ಪಕ್ಕ ಮಾತ್ರ ಆರ್ಕ್ (ARC) ಅಥವಾ ಇ-ಆರ್ಕ್ (eARC) ಅಂತ ಬರೆದಿರುತ್ತೆ, ಅದಕ್ಕೇ ಹಾಕ್ಬೇಕು, ಸೌಂಡ್‌ಬಾರ್ ಕಡೇನೂ ಅದೇ ಹೆಸರಿರೋ ಕಿಂಡಿಗೇ. ಮಾಮೂಲಿ ಎಚ್‌ಡಿಎಂಐ ಕಿಂಡಿ ಟಿವಿ ಒಳಗೆ ಸದ್ದು ತರುತ್ತೆ, ಹೊರಗೆ ಕಳಿಸಲ್ಲ. ಆಮೇಲೆ ಟಿವಿ ಸೆಟಿಂಗ್ಸಲ್ಲಿ ಸಿಇಸಿ, ಅಂದ್ರೆ ಟಿವಿ, ಸೌಂಡ್‌ಬಾರ್ ಒಂದನ್ನೊಂದು ನಿಯಂತ್ರಿಸೋ ಸೌಲಭ್ಯ ಆನ್ ಮಾಡಿ, ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಕೊನೆಗೆ ಸೌಂಡ್ ಔಟ್‌ಪುಟ್‌ನ ಟಿವಿ ಸ್ಪೀಕರ್‌ನಿಂದ ಎಚ್‌ಡಿಎಂಐಗೆ ಬದಲಾಯಿಸಿ. ಇಷ್ಟೆಲ್ಲಾ ಆದ್ಮೇಲೂ ಬರ್ಲಿಲ್ಲ ಅಂದ್ರೆ ಎರಡರ ಪ್ಲಗ್ಗೂ ಕಿತ್ತು ಐದು ನಿಮಿಷ ಬಿಟ್ಟು ಹಾಕಿ, ನೂರಕ್ಕೆ ಎಂಬತ್ತು ಸಲ ಅಲ್ಲಿಗೆ ಸರಿ ಹೋಗಿರೋದನ್ನ ನಾನು ಕಂಡಿದ್ದೀನಿ.

ದುಬಾರಿ ಕೇಬಲ್ ಬೇಡ. ಡಿಜಿಟಲ್ ಸಿಗ್ನಲ್ ಪೂರ್ತಿ ತಲುಪಿದ್ರೆ ತಲುಪ್ತು, ಕೇಬಲ್‌ಗೆ ಚಿನ್ನದ ನೀರು ಕುಡಿಸಿದ್ರೆ ಅದಕ್ಕಿಂತ ಚೆನ್ನಾಗಿ ತಲುಪಲ್ಲ. ಎರಡು ಮೂರು ಮೀಟರ್‌ಗೆ ಸರ್ಟಿಫೈಡ್ ಅಂತ ಇರೋ ಸಾಧಾರಣ ಕೇಬಲ್ ಸಾಕು. 4ಕೆ 120 ಫ್ರೇಮ್‌ನಲ್ಲಿ ಗೇಮ್ ಆಡೋರು ಮಾತ್ರ ಸೆಕೆಂಡಿಗೆ 48 ಗಿಗಾಬಿಟ್ ತಡೆಯೋ ಅಲ್ಟ್ರಾ ಹೈ ಸ್ಪೀಡ್ ಅನ್ನೋದನ್ನ ತಗೋಬೇಕು. ಆಪ್ಟಿಕಲ್, ಅಂದ್ರೆ ಸದ್ದನ್ನ ಬೆಳಕಲ್ಲಿ ಕಳಿಸೋ ವೈರ್ ಕೆಲಸ ಮಾಡುತ್ತೆ, ಮಾತು ಹಾಡಿಗೆ ಏನೂ ಕೊರತೆ ಇಲ್ಲ, ಆದ್ರೆ ತೋಶಿಬಾದವರು ಅದನ್ನ ತಂದಿದ್ದು 1983ರಲ್ಲಿ, ಡಾಲ್ಬಿ ಆಟ್ಮೋಸ್‌ನಂಥ ಹೊಸ ಸೌಂಡ್ ಅದ್ರಲ್ಲಿ ಹೋಗಲ್ಲ, ವಾಲ್ಯೂಮ್‌ಗೆ ಎರಡು ರಿಮೋಟ್ ಹಿಡ್ಕೊಂಡು ಕೂರ್ಬೇಕಾಗ್ಬೋದು.

ಪ್ರಶ್ನೆ: ಬ್ಲೂಟೂತಲ್ಲಿ ಸ್ಪೀಕರ್ ಹಾಕಿದ್ರೆ ತುಟಿ ಮೊದ್ಲು ಆಡುತ್ತೆ, ಮಾತು ಆಮೇಲೆ ಬರುತ್ತೆ.

ಉತ್ತರ: ಬ್ಲೂಟೂತ್ ಸದ್ದನ್ನ ಕುಗ್ಗಿಸಿ, ಕಳಿಸಿ, ಮತ್ತೆ ಬಿಚ್ಚೋಕೆ 150 - 200 ಮಿಲಿಸೆಕೆಂಡ್ ಸುಲಭವಾಗಿ ತಿನ್ನುತ್ತೆ. ಸದ್ದು 125 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಂದೆ ಬಿದ್ರೆ ಕಣ್ಣಿಗೆ ಗೊತ್ತಾಗೋಕೆ ಶುರುವಾಗುತ್ತೆ. ವೈರ್ ಹಾಕಿ. ಬೇರೆ ದಾರಿ ಇಲ್ಲ ಅಂದ್ರೆ ಟಿವೀಲಿ ಎ-ವಿ ಸಿಂಕ್ ಅಥವಾ ಲಿಪ್ ಸಿಂಕ್ ಅಂತ ಚಿತ್ರ, ಸದ್ದು ಹೊಂದಿಸೋ ಸೆಟಿಂಗ್ ಇದೆಯಾ ನೋಡಿ.

ಪ್ರಶ್ನೆ: ಸರ್, 5.1 ಸೆಟ್ ತಗೊಂಡು ಒಂದು ತಿಂಗಳಾಯ್ತು. ಹಾಕಿ ಕೊಟ್ಟವರು ಐದೂ ಸ್ಪೀಕರ್‌ನ ಸೀಲಿಂಗ್ ಹತ್ರ ಮೂಲೆ ಮೂಲೆಗೆ ಹೊಡೆದು ಹೋದ್ರು, ಸಬ್ ವೂಫರ್ ಒಂದು ಮೂಲೇಲಿದೆ. ನಾನು ಕೂರೋ ಕಡೆ ಬಾಸ್ ಇಲ್ಲವೇ ಇಲ್ಲ, ಅಡುಗೆಮನೆ ಬಾಗಿಲ ಹತ್ರ ನಿಂತ್ರೆ ಎದೆ ನಡುಗುತ್ತೆ. ಸೆಟ್ ವಾಪಸ್ ಕೊಡ್ಲಾ?

ಉತ್ತರ: ದಯವಿಟ್ಟು ಕೊಡ್ಬೇಡಿ, ಸೆಟ್‌ದೇನೂ ತಪ್ಪಿಲ್ಲ. ನಿಮ್ಮಂಥ ಪತ್ರ ಓದಿದಾಗ ನಿಜವಾಗ್ಲೂ ಬೇಜಾರಾಗುತ್ತೆ, ಒಳ್ಳೇ ಸ್ಪೀಕರ್ ತಂದು ತಪ್ಪು ಜಾಗದಲ್ಲಿ ಮೊಳೆ ಹೊಡೆದು, 'ಇಷ್ಟೇನಾ ಹೋಮ್ ಥಿಯೇಟರ್ ಅಂದ್ರೆ' ಅಂತ ಜನ ಕೈ ಬಿಡ್ತಾರೆ.

ಮೊದ್ಲು ಬಾಸ್ ವಿಷಯ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಹಾಗಾಗಿ 43 ಹರ್ಟ್ಸ್‌ನ ಒಂದು ಅಲೆ ಸುಮಾರು 8 ಮೀಟರ್ ಉದ್ದ. ನಿಮ್ಮ ಕೋಣೆ 4 ಮೀಟರ್ ಉದ್ದ ಇದೆ ಅಂದ್ಕೊಳ್ಳಿ, ಸರಿಯಾಗಿ ಅರ್ಧ ಅಲೆ. ಅಲೆ ಎದುರಿನ ಗೋಡೆಗೆ ಬಡಿದು ವಾಪಸ್ ಬಂದು ಬರ್ತಿರೋ ಅಲೆಗೇ ಡಿಕ್ಕಿ ಹೊಡೆಯುತ್ತೆ, ಗೋಡೆ ಹತ್ರ ಎರಡೂ ಸೇರಿ ದೊಡ್ಡದಾಗುತ್ತೆ, ಕೋಣೆ ನಟ್ಟನಡುವೆ ಒಂದನ್ನೊಂದು ಹೊಡೆದು ಹಾಕುತ್ತೆ. ನೀವು ಕೂತಿರೋದು ಆ ಹೊಡೆದು ಹಾಕೋ ಜಾಗದಲ್ಲಿ, ಅಡುಗೆಮನೆ ಬಾಗಿಲು ದೊಡ್ಡದಾಗೋ ಜಾಗದಲ್ಲಿ. ವಾಲ್ಯೂಮ್ ಎಷ್ಟು ಏರ್ಸಿದ್ರೂ ಆ ಗುಂಡಿ ತುಂಬಲ್ಲ. ಮಾಡೋದು ಇಷ್ಟು: ಸಬ್ ವೂಫರ್‌ನ ಎತ್ತಿ ನೀವು ಕೂರೋ ಜಾಗದಲ್ಲೇ ಇಡಿ, ಬಾಸ್ ಜಾಸ್ತಿ ಇರೋ ಒಂದು ಹಾಡನ್ನ ಸುತ್ತಿ ಸುತ್ತಿ ಬರೋ ಹಾಗೆ ಹಾಕಿ, ಆಮೇಲೆ ನೀವು ಮಂಡಿಯೂರಿ ಅಂಬೆಗಾಲಲ್ಲಿ ಕೋಣೆ ಅಂಚಿನುದ್ದಕ್ಕೂ ಸುತ್ತಿ, ಕಿವಿ ನೆಲದ ಹತ್ರಾನೇ ಇರ್ಲಿ. ಎಲ್ಲಿ ಬಾಸ್ ಗುಂಯ್ ಅನ್ನದೆ, ಎಲ್ಲಾ ಸ್ವರನೂ ಸಮವಾಗಿ, ಗಟ್ಟಿಯಾಗಿ ಕೇಳುತ್ತೋ ಅಲ್ಲಿಗೆ ಸಬ್ ಹೋಗ್ಬೇಕು. ಮೂಲೆ ಬೇಕಾದ್ರೆ ಕೊನೆ ಆಯ್ಕೆ. ಸೋಫಾನ ಒಂದಡಿ ಹಿಂದೆ ಮುಂದೆ ಸರಿಸಿದ್ರೂ ಎಷ್ಟೋ ಸಲ ಲೋಕಾನೇ ಬದಲಾಗುತ್ತೆ.

ಈಗ ಮಿಕ್ಕ ಐದು. ಮುಂದಿನ ಎಡ, ಬಲ, ಸೆಂಟರ್ ಮೂರೂ ಕೂತಾಗ ಕಿವಿ ಮಟ್ಟಕ್ಕೆ ಬರ್ಬೇಕು. ಮೇಲಿಂದ ಮಾತು ಬಂದ್ರೆ ಪರದೇಲಿರೋರು ಮಾತಾಡಿದ ಹಾಗೆ ಅನ್ಸಲ್ಲ, ಮನಸ್ಸು ಕಥೆಯಿಂದ ಹೊರಗೆ ಬರುತ್ತೆ. ಸೆಂಟರ್ ಟಿವಿ ಕೆಳಗೆ, ಶೆಲ್ಫ್‌ನ ಅಂಚಿನವರೆಗೂ ಮುಂದಕ್ಕೆ ಎಳೆದು, ಸ್ವಲ್ಪ ಮೂತಿ ಎತ್ತಿ. ಎಡ ಬಲ ಎರಡೂ ನೀವೂ ಸೇರಿ ಮೂರು ಬದಿ ಸಮ ಇರೋ ತ್ರಿಕೋನ ಆಗ್ಬೇಕು, ಅಂದ್ರೆ ಮಧ್ಯದಿಂದ 30 - 30 ಡಿಗ್ರಿ. ಹಿಂದಿನ ಎರಡು ನಿಮ್ಮ ಬೆನ್ನ ಹಿಂದಲ್ಲ, ಪಕ್ಕದಲ್ಲಿ ಒಂಚೂರು ಹಿಂದಕ್ಕೆ, ಮುಂಭಾಗದಿಂದ ಲೆಕ್ಕ ಹಾಕಿದ್ರೆ 110 ಡಿಗ್ರಿ ಹತ್ರ, ಇವು ಮಾತ್ರ ತಲೆಗಿಂತ ಒಂದೆರಡು ಅಡಿ ಮೇಲಿದ್ರೂ ನಡೆಯುತ್ತೆ. ನಿಮ್ಮ ಸೋಫಾ ಗೋಡೆಗೇ ಅಂಟಿದ್ರೆ ಅಕ್ಕಪಕ್ಕದ ಗೋಡೆಗೆ ಹಾಕಿ.

ಕೆಂಪು ಕಪ್ಪು ವೈರ್ ಪ್ರತಿ ಸ್ಪೀಕರ್‌ಗೂ ಎರಡೂ ತುದೀಲಿ ಸರಿಯಾಗಿ ಹೊಂದಿದೆಯಾ ನೋಡಿ. ಒಂದು ಉಲ್ಟಾ ಆದ್ರೂ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತೆ, ಬಾಸ್ ಸತ್ತು ಮಾತು ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗಲ್ಲ. ಎಲ್ಲಾ ಆದ್ಮೇಲೆ ಸೆಟಿಂಗ್ಸಲ್ಲಿ ಐದನ್ನೂ ಸ್ಮಾಲ್ ಅಂತ ಮಾಡಿ ಕ್ರಾಸ್‌ಓವರ್, ಅಂದ್ರೆ ಅದಕ್ಕಿಂತ ಕೆಳಗಿನ ಬಾಸ್‌ನ ಸಬ್‌ಗೆ ಒಪ್ಪಿಸೋ ಗಡಿ, 80 ಹರ್ಟ್ಸ್ ಇಡಿ, ಸ್ಪೀಕರ್ ತೀರಾ ಚಿಕ್ಕದಾದ್ರೆ 100 ಅಥವಾ 120. ಡಬ್ಬದಲ್ಲಿ ಸಣ್ಣ ಮೈಕ್ ಬಂದಿದ್ರೆ ಅದನ್ನ ಕೂರೋ ಜಾಗದಲ್ಲಿ ಕಿವಿ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆಫ್ ಮಾಡಿ, ಆಟೋ ಸೆಟಪ್ ಓಡ್ಸಿ.

ಕೊನೇದಾಗಿ ಕೋಣೆ ನಡುವೆ ನಿಂತು ಒಂದ್ಸಲ ಚಪ್ಪಾಳೆ ತಟ್ಟಿ. 'ಟರ್ರ್' ಅಂತ ಬಾಲ ಉಳಿದ್ರೆ ಬರೀ ಗೋಡೆ, ಟೈಲ್ಸ್, ಗಾಜು ಜಾಸ್ತಿ ಆಗಿದೆ ಅಂತ ಅರ್ಥ. ದಪ್ಪ ಕರ್ಟನ್, ನೆಲಕ್ಕೆ ಕಾರ್ಪೆಟ್, ತುಂಬಿದ ಪುಸ್ತಕದ ಬೀರು, ಇವು ಮಾಡೋ ಕೆಲಸ ದುಬಾರಿ ಸ್ಪೀಕರ್ ಕೈಲಿ ಆಗಲ್ಲ. ಮೊದಲ ಪತ್ರ ಬರೆದವರಿಗೂ ಈ ಮಾತು ಅನ್ವಯಿಸುತ್ತೆ, ಪ್ರತಿಧ್ವನಿ ಕಮ್ಮಿ ಆದಷ್ಟೂ ಮಾತು ಬಿಡಿಬಿಡಿಯಾಗಿ ಕೇಳುತ್ತೆ.

ಪ್ರಶ್ನೆ: ಪ್ರೊಜೆಕ್ಟರ್ ತಗೊಂಡು ಟಿವಿ ಬಿಟ್ಬಿಡೋಣ ಅಂತಿದ್ದೀವಿ. ಸರೀನಾ?

ಉತ್ತರ: ಕೋಣೆ ಕತ್ತಲು ಮಾಡೋಕಾದ್ರೆ ಮಾತ್ರ. ಪ್ರೊಜೆಕ್ಟರ್ ಬೆಳಕು ಹಾಕ್ಬಲ್ಲುದು, ಕಪ್ಪು ಹಾಕೋಕಾಗಲ್ಲ, ಆ ಹೊತ್ತಿಗೆ ನಿಮ್ಮ ಗೋಡೆ ಎಷ್ಟು ಕತ್ತಲಿದೆಯೋ ಅಷ್ಟೇ ಅದರ ಕಪ್ಪು. ಎಎನ್‌ಎಸ್‌ಐ ಲ್ಯೂಮೆನ್, ಅಂದ್ರೆ ನಿಯಮದ ಪ್ರಕಾರ ಅಳೆದ ಬೆಳಕು, ಎಷ್ಟು ಅಂತ ನೋಡಿ, ಬರೀ ಲ್ಯೂಮೆನ್ ಅಂತ ದೊಡ್ಡ ಸಂಖ್ಯೆ ಬರೆದಿದ್ರೆ ನಂಬ್ಬೇಡಿ. ಥ್ರೋ ರೇಶಿಯೋ, ಅಂದ್ರೆ ಪ್ರೊಜೆಕ್ಟರ್ ದೂರನ ಪರದೆ ಅಗಲದಿಂದ ಭಾಗಿಸಿದ ಲೆಕ್ಕ, ಅದನ್ನೂ ನೋಡಿ: 100 ಇಂಚಿನ ಪರದೆ ಅಗಲ 2.2 ಮೀಟರ್, ರೇಶಿಯೋ 1.5 ಅಂದ್ರೆ ಪ್ರೊಜೆಕ್ಟರ್ 3.3 ಮೀಟರ್ ದೂರ ಇರ್ಬೇಕು, ಅಷ್ಟು ಜಾಗ ಇದೆಯಾ? ದಿನಾ ನ್ಯೂಸ್ ನೋಡೋ ಮನೆಗೆ ಟಿವಿ ಬೇಕೇ ಬೇಕು.

ಪ್ರಶ್ನೆ: ಹೊಸ ಟಿವೀಲಿ ಸಿನಿಮಾ ಎಲ್ಲಾ ಸೀರಿಯಲ್ ಥರ ಕಾಣುತ್ತೆ, ಮುಖ ಮೇಣ ಹಚ್ಚಿದ ಹಾಗೆ. ಯಾಕೆ?

ಉತ್ತರ: ಸಿನಿಮಾನ ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದಿರ್ತಾರೆ, ನಿಮ್ಮ ಟಿವಿ ಮಧ್ಯೆ ಮಧ್ಯೆ ತಾನೇ ಊಹೆ ಮಾಡಿ ಫ್ರೇಮ್ ಸೇರಿಸ್ತಿದೆ. ಮೋಷನ್‌ಫ್ಲೋ, ಟ್ರೂಮೋಷನ್, ಆಟೋ ಮೋಷನ್ ಪ್ಲಸ್, ಈ ಥರ ಹೆಸರಿರೋದನ್ನ ಆಫ್ ಮಾಡಿ. ಮ್ಯಾಚ್ ನೋಡುವಾಗ ಬೇಕಾದ್ರೆ ಹಾಕ್ಕೊಳ್ಳಿ, ಬಾಲ್ ಚೆನ್ನಾಗಿ ಕಾಣುತ್ತೆ. ಪಿಕ್ಚರ್ ಮೋಡ್ ವಿವಿಡ್ ಇದ್ರೆ ತೆಗೆದು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿ, ಈ ಫಿಲ್ಮ್‌ಮೇಕರ್ ಮೋಡ್ 2019ರಲ್ಲಿ ಟಿವಿ ಕಂಪನಿ, ಸಿನಿಮಾ ಸ್ಟುಡಿಯೋಗಳ ಕೂಟವಾದ ಯುಎಚ್‌ಡಿ ಅಲಯನ್ಸ್‌ನವರು ತಂದಿದ್ದು, ಇಂಥ ತಿದ್ದುಪಡಿ ಎಲ್ಲಾ ಒಂದೇ ಸಲಕ್ಕೆ ಆಫ್ ಆಗುತ್ತೆ. ಮೊದಲ ಎರಡು ದಿನ ಹಳದಿ ಹಳದಿ ಅನ್ಸುತ್ತೆ, ತಡ್ಕೊಳ್ಳಿ, ಮೂರನೇ ದಿನ ಹಳೇ ಮೋಡ್‌ಗೆ ವಾಪಸ್ ಹೋದ್ರೆ ಎಲ್ಲರ ಮುಖಾನೂ ನೀಲಿ ಕಾಣುತ್ತೆ. ಮುಖ ಮೇಣದ ಹಾಗಿರೋದು ನಾಯ್ಸ್ ರಿಡಕ್ಷನ್‌ನಿಂದ, ಅದನ್ನೂ ತೆಗೀರಿ, ಶಾರ್ಪ್‌ನೆಸ್ ಸೊನ್ನೆ ಹತ್ರಕ್ಕೆ ತನ್ನಿ.

ಪ್ರಶ್ನೆ: ನಮ್ಮ ತಂದೆ ತೀರ್ಕೊಂಡು ನಾಲ್ಕು ವರ್ಷ. ಅವರ ಹಳೇ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್, ಎರಡು ದೊಡ್ಡ ಸ್ಪೀಕರ್ ಅಟ್ಟದ ಮೇಲಿದೆ. ಗುಜರಿಗೆ ಹಾಕೋಕೆ ಮನಸ್ಸಿಲ್ಲ. ಈಗಿನ ಟಿವಿ ಜೊತೆ ಸೇರ್ಸಿ ಬಳಸೋಕಾಗುತ್ತಾ ಸರ್?

ಉತ್ತರ: ಆಗುತ್ತೆ, ಖಂಡಿತ ಆಗುತ್ತೆ, ಮತ್ತೆ ಅವು ಸುಸ್ಥಿತೀಲಿದ್ರೆ ಇವತ್ತಿನ ಎಷ್ಟೋ ಸೌಂಡ್‌ಬಾರ್‌ಗಿಂತ ಚೆನ್ನಾಗಿ ಹಾಡ್ತವೆ. ಆದ್ರೆ ಆಸೆ ತಡೀದೆ ನೇರವಾಗಿ ಪ್ಲಗ್ ಹಾಕ್ಬೇಡಿ. ವರ್ಷಗಟ್ಟಲೆ ಕರೆಂಟ್ ಕಾಣದ ಆಂಪ್‌ನಲ್ಲಿ ಕೆಪಾಸಿಟರ್ ಒಣಗಿರ್ಬೋದು, ಒಳಗಿನ ಯಾವುದೋ ಒಂದು ಟ್ರಾನ್ಸಿಸ್ಟರ್ ಹೋಗಿ ಡಿಸಿ ಕರೆಂಟ್ ಸ್ಪೀಕರ್‌ಗೆ ನುಗ್ಗಿದ್ರೆ ಅದ್ರ ಕಾಯಿಲ್ ಸುಟ್ಟು ಹೋಗುತ್ತೆ. ಆಡಿಯೋ ರಿಪೇರಿ ಮಾಡೋ ಅನುಭವಸ್ಥರಿಗೆ ಮೊದ್ಲು ತೋರಿಸಿ, ನೀವೇ ಮುಚ್ಚಳ ಬಿಚ್ಬೇಡಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದ್ರೆ ಹೆದರ್ಬೇಡಿ, ಅದು ಧೂಳು, ಕ್ಲೀನ್ ಮಾಡಿದ್ರೆ ಹೋಗುತ್ತೆ.

ಸ್ಪೀಕರ್‌ನ ಜಾಲರಿ ತೆಗೆದು ಕೋನ್ ಸುತ್ತ ಇರೋ ಉಂಗುರ ಮುಟ್ಟಿ ನೋಡಿ. ಫೋಮ್ ಆಗಿದ್ರೆ ಇಷ್ಟೊತ್ತಿಗೆ ಪುಡಿಪುಡಿ ಆಗಿರ್ಬೋದು, ಆಗ ಆ ಉಂಗುರ ಮಾತ್ರ ಬದಲಾಯಿಸ್ಬೋದು, ಸ್ಪೀಕರ್ ಬಿಸಾಡ್ಬೇಕಾಗಿಲ್ಲ. ರಬ್ಬರ್ ಆಗಿದ್ರೆ ಹೆಚ್ಚಾಗಿ ಗಟ್ಟಿಮುಟ್ಟಾಗೇ ಇರುತ್ತೆ.

ಜೋಡಿಸೋದು ಹೀಗೆ. ರೆಕಾರ್ಡ್ ಪ್ಲೇಯರ್ ಆಂಪ್ ಹಿಂದೆ ಫೋನೋ ಅಂತ ಬರೆದಿರೋ ಜಾಗಕ್ಕೇ ಹೋಗ್ಬೇಕು. ಮುಳ್ಳಿನಿಂದ ಬರೋ ಸಿಗ್ನಲ್ ಬರೀ 5 ಮಿಲಿವೋಲ್ಟ್ ಹತ್ರ, ಜೊತೆಗೆ ತಟ್ಟೆ ಕೊರೆಯುವಾಗ ಬಾಸ್ ತಗ್ಗಿಸಿ ಮೇಲಿನ ಸ್ವರ ಏರ್ಸಿರ್ತಾರೆ, ಅದನ್ನ ತಿರುಗಿ ಸಮ ಮಾಡೋ ಸರ್ಕ್ಯೂಟ್ ಆ ಫೋನೋದಲ್ಲಿ ಮಾತ್ರ ಇರುತ್ತೆ. ತೆಳ್ಳಗಿನ ಅರ್ಥ್ ವೈರ್ ಒಂದು ಜೊತೇಲಿ ಬಂದಿರುತ್ತೆ, ಅದನ್ನ ಜಿಎನ್‌ಡಿ ಸ್ಕ್ರೂಗೆ ಬಿಗೀರಿ, ಇಲ್ಲಾಂದ್ರೆ ಹುಂಯ್ ಅಂತ ಸದ್ದು ಬರ್ತಾನೇ ಇರುತ್ತೆ. ಟಿವೀನ ಯಾವತ್ತೂ ಆ ಫೋನೋಗೆ ಹಾಕ್ಬೇಡಿ, ಆಕ್ಸ್, ಟೇಪ್ ಅಥವಾ ಟ್ಯೂನರ್ ಅಂತ ಇರೋದಕ್ಕೆ ಹಾಕಿ. ಟಿವೀಲಿ ಹೆಡ್‌ಫೋನ್ ಕಿಂಡಿ ಇದ್ರೆ ಅದ್ರಿಂದ ಎರಡು ಪಿನ್ ಕೆಂಪು ಬಿಳಿ ವೈರ್ ಸಾಕು. ಇಲ್ಲಾಂದ್ರೆ ಆಪ್ಟಿಕಲ್‌ನಿಂದ ಅನಲಾಗ್‌ಗೆ ಬದಲಾಯಿಸೋ ಬೆಂಕಿಪೊಟ್ಟಣದಷ್ಟು ದೊಡ್ಡ ಡಿಎಸಿ ಸಿಗುತ್ತೆ, ಅದನ್ನ ಹಾಕಿದಾಗ ಟಿವಿ ಆಡಿಯೋ ಔಟ್‌ಪುಟ್‌ನ ಪಿಸಿಎಂ (ಕುಗ್ಗಿಸದ ಮಾಮೂಲಿ ಡಿಜಿಟಲ್ ಸದ್ದು) ಅಂತ ಮಾಡೋದನ್ನ ಮರೀಬೇಡಿ, ಡಾಲ್ಬಿ ಸಿಗ್ನಲ್ ಕಳಿಸಿದ್ರೆ ಆ ಡಬ್ಬಕ್ಕೆ ಅರ್ಥ ಆಗಲ್ಲ, ಒಂದೋ ಮೌನ, ಇಲ್ಲಾ ಬರೀ ಗೊರಗೊರ.

ಅಟ್ಟದಿಂದ ಇಳಿಸುವಾಗ ರೆಕಾರ್ಡ್ ಪ್ಲೇಯರ್‌ನ ಕೈಯನ್ನ ದಾರದಲ್ಲಿ ಸಡಿಲವಾಗಿ ಕಟ್ಟಿ, ಮುಳ್ಳಿಗೆ ಏನೂ ತಾಗ್ಬಾರ್ದು. ಇಳಿಸಿ ಒರೆಸಿದ್ಮೇಲೆ ಆಂಪ್ ಹಿಂಭಾಗದ ಫೋಟೋ ಒಂದು ಕಳ್ಸಿ, ಯಾವ ವೈರ್ ಯಾವ ಕಿಂಡಿಗೆ ಅಂತ ಮುಂದಿನ ಸಂಚಿಕೇಲಿ ಬರೀತೀನಿ.